ಮನೆಯೊಳಗೊಂದು ಕಡಲಿನ ಬಿಲ: ಮ್ಯಾಂಟಿಸ್ ಸಿಗಡಿ ಸಾಕುವವರ ಪ್ರಶ್ನೆಗಳಿಗೆ ಉತ್ತರ

ಉಪ್ಪುನೀರಿನ ಅಕ್ವೇರಿಯಂ ಕುರಿತ ಹಿಂದಿನ ಅಂಕಣದಲ್ಲಿ, ಚಿಕ್ಕಮಗಳೂರಿನ ನಮ್ಮ ಮನೆಯ ನಡುಮನೆಯಲ್ಲಿರುವ ಮ್ಯಾಂಟಿಸ್ ಸಿಗಡಿಯನ್ನು ಒಂದೇ ಒಂದು ವಾಕ್ಯದಲ್ಲಿ ಹೆಸರಿಸಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ವಾಕ್ಯವನ್ನೇ ಹಿಡಿದುಕೊಂಡು ಬಂದಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪ್ರಾಣಿಯನ್ನು ತಂದ ಮೇಲೆ ಬರೆದವರಿಗಿಂತ ತರುವುದಕ್ಕೆ ಮೊದಲೇ ಬರೆದವರು ಹೆಚ್ಚಾಗಿದ್ದುದು ನನಗೆ ಬಹಳ ಸಮಾಧಾನ ತಂದಿತು.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಮ್ಯಾಂಟಿಸ್ ಸಿಗಡಿ ಅಕ್ವೇರಿಯಂನ ಗಾಜನ್ನೇ ಒಡೆಯುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ? ನನ್ನ ಬಳಿ ಎರಡು ಅಡಿ ಉದ್ದದ ತೊಟ್ಟಿ ಇದೆ. ಅದರಲ್ಲಿ ಸಾಕಬಹುದೇ?
ವಿದ್ಯಾರ್ಥಿ, ಹಾಸನ

ಉತ್ತರ: ಹೆಸರಿನಲ್ಲಿ ಸಿಗಡಿ ಎಂದಿದ್ದರೂ ಇದು ನಾವು ಅಡುಗೆಗೆ ತರುವ ಸಿಗಡಿಯ ಗುಂಪಿಗೆ ಸೇರಿದ ಪ್ರಾಣಿಯಲ್ಲ. ಏಡಿ, ಸಿಗಡಿಗಳಂತೆ ಗಟ್ಟಿ ಚಿಪ್ಪಿನ ಕಠಿಣಚರ್ಮಿಯೇ ಆದರೂ ಸ್ಟೊಮಾಟೊಪೊಡಾ ಎಂಬ ಬೇರೆಯದೇ ಗಣಕ್ಕೆ ಸೇರಿದ್ದು, ಅದರಲ್ಲಿ 450ಕ್ಕೂ ಹೆಚ್ಚು ಜಾತಿಗಳಿವೆ. ಸಾಕುವವರ ದೃಷ್ಟಿಯಿಂದ ಅವುಗಳನ್ನು ಎರಡು ಬಗೆಯಾಗಿ ನೋಡಬೇಕು. ಒಂದು ಬಗೆಯವು ಮಡಚಿದ ಮುಂಗಾಲಿನ ಗಂಟಿನಿಂದ ಗುದ್ದಿ ಬಸವನಹುಳು, ಏಡಿಗಳ ಚಿಪ್ಪನ್ನು ಒಡೆಯುತ್ತವೆ. ಇನ್ನೊಂದು ಬಗೆಯವು ಮುಳ್ಳುಗಳಿರುವ ಮುಂಗಾಲನ್ನು ಚಾಚಿ ಮೀನನ್ನು ಇರಿದು ಹಿಡಿಯುತ್ತವೆ. ಗಾಜಿನ ಮಾತು ಬರುವುದು ಗುದ್ದುವ ಬಗೆಯಿಂದ.

ಅಮೆರಿಕದ ಸಂಶೋಧಕಿ ಶೀಲಾ ಪಟೇಕ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಳತೆಯಂತೆ ಪೀಕಾಕ್ ಮ್ಯಾಂಟಿಸ್ ಎಂಬ ಜಾತಿಯ ಗುದ್ದಿನ ವೇಗ ಸೆಕೆಂಡಿಗೆ 14ರಿಂದ 23 ಮೀಟರ್, ಎಂದರೆ ಗರಿಷ್ಠ ಮಟ್ಟದಲ್ಲಿ ಗಂಟೆಗೆ 80 ಕಿಲೋಮೀಟರ್‌ಗೂ ಹೆಚ್ಚು. ಬರೀ ಸ್ನಾಯುವಿನ ಬಲಕ್ಕೆ ಈ ವೇಗ ಬರುವುದಿಲ್ಲ. ಬಿಲ್ಲಿನ ಹೆದೆಯನ್ನು ಎಳೆದು ಹಿಡಿದಂತೆ, ಮುಂಗಾಲಿನೊಳಗಿರುವ ಕುದುರೆಯ ಜೀನಿನ ಆಕಾರದ ಒಂದು ಸ್ಪ್ರಿಂಗನ್ನು ಸ್ನಾಯುಗಳು ನಿಧಾನವಾಗಿ ಬಗ್ಗಿಸಿ ಹಿಡಿದಿಡುತ್ತವೆ, ಕೊಂಡಿ ಕಳಚಿದ ಕ್ಷಣದಲ್ಲಿ ಅಷ್ಟೂ ಶಕ್ತಿ ಒಮ್ಮೆಲೇ ಹೊರಬೀಳುತ್ತದೆ. ಆ ವೇಗಕ್ಕೆ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ತಕ್ಷಣ ಒಡೆಯುವುದರಿಂದ ಚಿಪ್ಪಿನ ಮೇಲೆ ಒಂದು ಗುದ್ದಿಗೆ ಎರಡು ಪೆಟ್ಟು ಬೀಳುತ್ತವೆ. ದೊಡ್ಡ ಪ್ರಾಣಿಯ ಪೆಟ್ಟಿನ ಬಲ 1500 ನ್ಯೂಟನ್‌ವರೆಗೆ ಇರುತ್ತದೆ, ಅದು ಹೆಚ್ಚುಕಡಿಮೆ ಒಂದೂವರೆ ಕ್ವಿಂಟಲ್ ತೂಕದ ಭಾರಕ್ಕೆ ಸಮ.

ಹೀಗಾಗಿ ಗಾಜು ಒಡೆಯುವುದು ಸುಳ್ಳಲ್ಲ, ಆದರೆ ಅಪರೂಪ. 18 ಸೆಂಟಿಮೀಟರ್‌ವರೆಗೆ ಬೆಳೆಯುವ ಪೀಕಾಕ್ ಮ್ಯಾಂಟಿಸ್‌ಗೆ ಕನಿಷ್ಠ 150 ಲೀಟರ್ ನೀರು ಹಿಡಿಯುವ ಅಕ್ರಿಲಿಕ್ ತೊಟ್ಟಿಯನ್ನೋ ದಪ್ಪ ಗಾಜಿನ ತೊಟ್ಟಿಯನ್ನೋ ಕೊಡಬೇಕು. ನಿಮ್ಮ ತೊಟ್ಟಿಯ ಅಗಲವೂ ಎತ್ತರವೂ ಒಂದೊಂದು ಅಡಿ ಇದ್ದರೆ ಅದರಲ್ಲಿ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಅದು ಐದಾರು ಸೆಂಟಿಮೀಟರ್ ಉದ್ದದ ಸಣ್ಣ ಜಾತಿಗೆ ಸಾಕು, ಪೀಕಾಕ್‌ಗೆ ಸಾಲದು. ಯಾವ ಜಾತಿಯೇ ಆಗಲಿ, ಮರಳು ಹಾಸುವುದಕ್ಕೆ ಮೊದಲು ತಳದ ಗಾಜಿನ ಮೇಲೆ ಒಂದು ಅಕ್ರಿಲಿಕ್ ಹಾಳೆಯನ್ನು ಹಾಸಿರಿ. ಬಿಲ ತೋಡುತ್ತಾ ಹೋದ ಪ್ರಾಣಿಗೆ ತಳದಲ್ಲಿ ತಡೆಯೊಡ್ಡುವುದು ಆ ಗಾಜೇ ಆದ್ದರಿಂದ ಅದನ್ನು ಕಾಪಾಡುವುದು ಮುಖ್ಯ.

ಪ್ರಶ್ನೆ: ನಮ್ಮದು ಕಾಫಿ ತೋಟ. ವರ್ಷಪೂರ್ತಿ ಹರಿಯುವ ತಿಳಿನೀರಿನ ಝರಿ ಮನೆಯ ಹಿಂದೆಯೇ ಇದೆ. ಅದಕ್ಕೆ ಉಪ್ಪು ಬೆರೆಸಿದರೆ ಸಾಕೇ, ಅಥವಾ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಿಂದ ಕ್ಯಾನುಗಳಲ್ಲಿ ಸಮುದ್ರದ ನೀರನ್ನೇ ತರಬೇಕೇ?
ಬೆಳೆಗಾರರು, ಮೂಡಿಗೆರೆ

ಉತ್ತರ: ಎರಡೂ ಬೇಡ. ಏಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಈ ಪ್ರಾಣಿಗೆ ಒದಗುವ ಅತಿ ದೊಡ್ಡ ಅಪಾಯ ಇಲ್ಲಿಯೇ ಅಡಗಿದೆ. ಆ ಅಪಾಯದ ಹೆಸರು ತಾಮ್ರ.

ಮುಂಗಾರಿಗೆ ಮೊದಲು ನೀವು ಕಾಫಿಯ ಎಲೆ ತುಕ್ಕು ರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ. ಶೇಕಡ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಮಳೆ ಹಿಡಿದ ಮೇಲೆ ಅದರಲ್ಲಿ ಒಂದು ಪಾಲು ತೊಳೆದು ಇಳಿಜಾರಿನಲ್ಲಿ ಹರಿದುಬರುತ್ತದೆ. ನಿಮ್ಮ ಝರಿಯ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿರಲಿ, ಮೇಲ್ಭಾಗದ ತೋಟಗಳಿಂದ ಇಳಿದುಬಂದಿರುವುದರಿಂದ ಅದನ್ನು ನಂಬುವಂತಿಲ್ಲ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರವನ್ನು ಔಷಧವಾಗಿ ಕೊಡುವುದುಂಟು. ಮೀನು ತಡೆದುಕೊಳ್ಳುವ ಅಷ್ಟೇ ಪ್ರಮಾಣ ಕಠಿಣಚರ್ಮಿಗಳನ್ನು ಕೊಂದುಹಾಕುತ್ತದೆ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಮ್ಯಾಂಟಿಸ್ ಸಿಗಡಿಯ ರಕ್ತದಲ್ಲಿ ಮಾಡುವುದು ತಾಮ್ರವೇ. ಆದರೂ ಅದಕ್ಕೆ ಬೇಕಾದದ್ದು ಆಹಾರದಿಂದ ಸಿಗುವ ಅತ್ಯಲ್ಪ ಅಂಶ ಮಾತ್ರ. ನೀರಿನಲ್ಲಿ ಕರಗಿದ ತಾಮ್ರ ಹೆಚ್ಚಾದರೆ ಕಿವಿರುಗಳು ಕೆಡುತ್ತವೆ, ಮೈಯೊಳಗಿನ ಲವಣಗಳ ಹದ ತಪ್ಪುತ್ತದೆ.

ಮನೆಯೊಳಗೂ ತಾಮ್ರ ಇದೆ ಎಂಬುದನ್ನು ಮರೆಯಬಾರದು. ನೀರು ಬೆರೆಸಲು ಬಚ್ಚಲಿನ ತಾಮ್ರದ ಹಂಡೆಯನ್ನೂ ತಾಮ್ರದ ಬಿಂದಿಗೆಯನ್ನೂ ಬಳಸಬೇಡಿ. ಈಚೆಗೆ ಅಡುಗೆಮನೆಗೆ ಬರುತ್ತಿರುವ ನೀರಿನ ಶುದ್ಧೀಕರಣ ಯಂತ್ರಗಳಲ್ಲಿ ಕೆಲವು, ಆರೋಗ್ಯಕ್ಕೆ ಒಳ್ಳೆಯದೆಂದು ಕೊನೆಯ ಹಂತದಲ್ಲಿ ನೀರಿಗೆ ತಾಮ್ರ ಸೇರಿಸುತ್ತವೆ. ಮನುಷ್ಯರು ಕುಡಿಯುವ ಆ ನೀರು ಈ ಪ್ರಾಣಿಗೆ ವಿಷ. ಖನಿಜ ಸೇರಿಸುವ ಹಂತವಿಲ್ಲದ ಸಾದಾ ಆರ್‌ಓ ನೀರನ್ನೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದುಕೊಳ್ಳಿ. ತೋಟದಲ್ಲಿ ಔಷಧಿ ಹೊಡೆಸಿದ ದಿನ ತೊಟ್ಟಿಯ ಕೆಲಸವನ್ನು ಮನೆಯಲ್ಲೇ ಇದ್ದ ಬೇರೊಬ್ಬರಿಗೆ ಒಪ್ಪಿಸಿ. ಹಿಂದೆ ತಾಮ್ರದ ಔಷಧ ಹಾಕಿದ್ದ ಹಳೆಯ ತೊಟ್ಟಿಯನ್ನು ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ, ಏಕೆಂದರೆ ಕಲ್ಲು ಮರಳುಗಳಲ್ಲಿ ಕೂತ ತಾಮ್ರ ತಿಂಗಳುಗಳ ಬಳಿಕವೂ ನೀರಿಗೆ ಬಿಡುತ್ತಿರುತ್ತದೆ.

ಮಂಗಳೂರಿನ ನೀರಿನ ವಿಷಯ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೆಂಪಾಗಿ ಬಂದು ಸೇರುವ ಕಡೆ ದಡದ ನೀರಿನಲ್ಲಿ ಉಪ್ಪಿನಂಶ ಇಳಿದಿರುತ್ತದೆ, ದೋಣಿಗಳು ನಿಲ್ಲುವ ಕಡೆ ಡೀಸೆಲ್ ಬೆರೆತಿರುತ್ತದೆ. ಅದಕ್ಕಿಂತ ಅಕ್ವೇರಿಯಂಗೆಂದೇ ತಯಾರಾದ ಸಮುದ್ರದ ಉಪ್ಪನ್ನು ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸುವುದು ಲೇಸು. ಊಟದ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ತಕ್ಕ ಪ್ರಮಾಣದಲ್ಲಿ ಇಲ್ಲವಾದ್ದರಿಂದ ಅದು ನಡೆಯುವುದಿಲ್ಲ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿಯೂ ಪಿಎಚ್ 8.1ರಿಂದ 8.4ರೊಳಗೂ ಇರಲಿ. ನೀರು ಆರಿ ಕಡಿಮೆಯಾದಾಗ ತುಂಬಬೇಕಾದದ್ದು ಸಾದಾ ಆರ್‌ಓ ನೀರನ್ನು, ಉಪ್ಪುನೀರನ್ನಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ನೀರು ಸಿದ್ಧವಾದ ಕೂಡಲೇ ಪ್ರಾಣಿಯನ್ನು ತರುವಂತಿಲ್ಲ. ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದದ್ದನ್ನು ಪರೀಕ್ಷಾ ಕಿಟ್‌ನಲ್ಲಿ ನೀವೇ ಕಂಡ ಮೇಲೆ ಬೆಂಗಳೂರಿನ ಅಂಗಡಿಗೆ ಫೋನು ಮಾಡಿ.

ಪ್ರಶ್ನೆ: ನಮ್ಮ ಮಗನ ತೊಟ್ಟಿಯಲ್ಲಿ ಗೋಲ್ಡ್ ಫಿಷ್ ಇವೆ. ಅವುಗಳ ಜೊತೆ ಒಂದು ಮ್ಯಾಂಟಿಸ್ ಸಿಗಡಿಯನ್ನು ಬಿಡಬಹುದೇ?
ಗೃಹಿಣಿ, ಬೇಲೂರು

ಉತ್ತರ: ಆಗುವುದಿಲ್ಲ, ತಾಯಿ. ಗೋಲ್ಡ್ ಫಿಷ್ ಸಿಹಿನೀರಿನ ಮೀನು, ಇದು ಕಡಲಿನ ಪ್ರಾಣಿ. ಒಂದರ ನೀರಿನಲ್ಲಿ ಇನ್ನೊಂದು ಬದುಕುವುದಿಲ್ಲ. ಸಮುದ್ರದ ಮೀನುಗಳ ಜೊತೆಗೂ ಇಡಬಾರದು. ತೊಟ್ಟಿಗೆ ಒಂದೇ ಮ್ಯಾಂಟಿಸ್ ಸಿಗಡಿ, ಅದರ ಜೊತೆಗೆ ಬೇರೆ ಯಾವ ಸಾಕುಪ್ರಾಣಿಯೂ ಇಲ್ಲ ಎಂಬುದನ್ನು ಮಗನಿಗೆ ಮೊದಲೇ ತಿಳಿಸಿ. ತೊಟ್ಟಿಯೊಳಗೆ ಬರಿಗೈ ಹಾಕಬಾರದೆಂಬುದನ್ನೂ ಹೇಳಿ. ಬೆರಳು ಸೀಳುವಷ್ಟು ಪೆಟ್ಟು ಬೀಳುತ್ತದೆ. ಆಹಾರ ಕೊಡಲು, ಕಲ್ಲು ಸರಿಸಲು ಉದ್ದನೆಯ ಪ್ಲಾಸ್ಟಿಕ್ ಚಿಮಟವನ್ನೇ ಬಳಸಬೇಕು.

ಪ್ರಶ್ನೆ: ಅಂಗಡಿಯವರೊಬ್ಬರು ತೊಟ್ಟಿಗೆ ನಿಜವಾದ ಹವಳದ ಕಲ್ಲನ್ನೇ ತರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?
ಓದುಗರು, ಅರಸೀಕೆರೆ

ಉತ್ತರ: ತೆಗೆದುಕೊಳ್ಳಬೇಡಿ. ಕಲ್ಲು ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ, ಆನೆಗಳ ಜೊತೆಗೆ ರಕ್ಷಣೆ ಪಡೆದಿವೆ. ಸೆರಾಮಿಕ್ ಕಲ್ಲು ಮತ್ತು ಪಿವಿಸಿ ಪೈಪಿನ ತುಂಡುಗಳಿಂದ ಮ್ಯಾಂಟಿಸ್ ಸಿಗಡಿಗೆ ಯಾವ ಕೊರತೆಯೂ ಆಗುವುದಿಲ್ಲ. ಮೈಗಿಂತ ಸ್ವಲ್ಪವೇ ಅಗಲವಾದ, ಮೈಯ ಒಂದೂವರೆಯಿಂದ ಎರಡು ಪಟ್ಟು ಉದ್ದದ ಪೈಪನ್ನು ಅರ್ಧ ಮರಳಿನಲ್ಲಿ ಹೂತಿಟ್ಟು, ಪಕ್ಕದಲ್ಲಿ ಒಂದು ಹಿಡಿ ಸಣ್ಣ ಕಲ್ಲು ಚಿಪ್ಪುಗಳನ್ನು ಹಾಕಿದರೆ ಬಾಗಿಲನ್ನು ಅದೇ ಕಟ್ಟಿಕೊಳ್ಳುತ್ತದೆ. ನಮ್ಮ ಮನೆಯ ಪ್ರಾಣಿ ಪ್ರತಿ ರಾತ್ರಿ ಒಂದು ಬಿಳಿಯ ಚಪ್ಪಟೆ ಚಿಪ್ಪನ್ನು ಒಳಗಿನಿಂದ ಎಳೆದು ಬಿಲದ ಬಾಯಿಗೆ ಮುಚ್ಚಿಕೊಂಡು ಬೆಳಗ್ಗೆ ಪಕ್ಕಕ್ಕೆ ಸರಿಸುವುದನ್ನು ನೋಡುವುದೇ ನನಗೆ ಈ ಹವ್ಯಾಸದ ದೊಡ್ಡ ಸಂತೋಷ.

ಪ್ರಶ್ನೆ: ಏನು ತಿನ್ನಿಸಬೇಕು? ನಮ್ಮ ಗದ್ದೆಯ ಏಡಿ, ಬಸವನಹುಳುಗಳನ್ನು ಕೊಡಬಹುದೇ?
ಕೃಷಿಕರು, ಸಕಲೇಶಪುರ

ಉತ್ತರ: ಔಷಧಿ, ಗೊಬ್ಬರಗಳ ಅಂಶ ಗದ್ದೆಯ ಜೀವಿಗಳ ಮೈಯಲ್ಲಿ ಇರಬಹುದಾದ್ದರಿಂದ ನಾನು ಕೊಡುವುದಿಲ್ಲ. ಮಂಗಳೂರು, ಮಲ್ಪೆಗಳಿಂದ ನಮ್ಮ ಮೀನು ಮಾರುಕಟ್ಟೆಗೆ ಬರುವ ಸಿಗಡಿ, ಕಪ್ಪೆಚಿಪ್ಪು, ಸಮುದ್ರದ ಏಡಿಗಳೇ ಸಾಕು. ಸಿಗಡಿಯನ್ನು ಸಿಪ್ಪೆ ಸಮೇತ ಸಣ್ಣ ತುಂಡು ಮಾಡಿ, ಆರ್‌ಓ ನೀರಿನಲ್ಲಿ ತೊಳೆದು, ವಾರಕ್ಕೆ ಎರಡು ಮೂರು ಬಾರಿ ಕೊಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳಲ್ಲೇ ಎರಡು ತಿಂಗಳಿಗಾಗುವಷ್ಟನ್ನು ಫ್ರೀಜರಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಬಿಲದ ಮುಂದೆ ಉಳಿದ ಆಹಾರವನ್ನು ಮಾರನೆಯ ದಿನವೇ ತೆಗೆಯಿರಿ, ಇಲ್ಲವಾದರೆ ಅಮೋನಿಯ ಏರುತ್ತದೆ.

ಗುದ್ದುವ ಜಾತಿಗೆ ಆಗಾಗ ಚಿಪ್ಪಿರುವ ಜೀವಂತ ಬೇಟೆಯೂ ಸಿಗಲಿ. ಸಮುದ್ರದ ಬಸವನಹುಳುವೊಂದನ್ನು ಬಿಲದಿಂದ ಒಂದು ಗೇಣು ದೂರದಲ್ಲಿ ಇಟ್ಟು ಕಾದರೆ, ಮೊದಲು ಎರಡು ಕಣ್ಣುಗಳು ಹೊರಗೆ ಬರುತ್ತವೆ. ಆಮೇಲೆ ಪ್ರಾಣಿ ಮುಂದೆ ಬಂದು ಮೀಸೆಗಳಿಂದ ಚಿಪ್ಪನ್ನು ಸವರಿ ನೋಡುತ್ತದೆ, ಒಂದು ಸುತ್ತು ತಿರುಗಿಸುತ್ತದೆ, ತನಗೆ ಬೇಕಾದ ಮಗ್ಗುಲಿಗೆ ಬಂದ ಮೇಲೆಯೇ ಗುದ್ದುತ್ತದೆ. ಮುಂಗಾಲು ಹೋದದ್ದೂ ಬಂದದ್ದೂ ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಕೋಣೆಯವರೆಗೂ ಕೇಳುವ ಟಕ್ ಎಂಬ ಸದ್ದು, ಮರಳಿನಿಂದ ಎದ್ದ ಒಂದಿಷ್ಟು ಧೂಳು, ಚಿಪ್ಪಿನ ಅಂಚಿನಲ್ಲಿ ಬಿಳಿಯ ಬಿರುಕು, ಇಷ್ಟೇ ಕಾಣುವುದು. ನಾಲ್ಕೈದು ಪೆಟ್ಟಿನ ಬಳಿಕ ಚಿಪ್ಪನ್ನು ಬಿಲದೊಳಕ್ಕೆ ಎಳೆದುಕೊಂಡು ಹೋಗುತ್ತದೆ, ತಿಂದ ಮೇಲೆ ಚೂರುಗಳನ್ನು ಒಂದೊಂದಾಗಿ ಹೊರಗೆ ತಂದು ಹಾಕುತ್ತದೆ.

ಪ್ರಶ್ನೆ: ನನ್ನ ಮ್ಯಾಂಟಿಸ್ ಸಿಗಡಿ ಬಿಲದ ಬಾಯಿಗೆ ಕಲ್ಲು ಮುಚ್ಚಿಕೊಂಡು ಒಂಬತ್ತು ದಿನ ಹೊರಗೆ ಬರಲಿಲ್ಲ. ಸತ್ತಿರಬೇಕೆಂದು ಕಡ್ಡಿಯಿಂದ ಕೆದಕಿ ತೆಗೆದಾಗ ಮೆತ್ತಗಿತ್ತು, ಒಂದು ಮುಂಗಾಲು ಕಳಚಿ ಬಂತು. ಈಗ ಏನು ಮಾಡಲಿ?
ಓದುಗರು, ಕಡೂರು

ಉತ್ತರ: ನಿಮ್ಮ ಪತ್ರವನ್ನು ಓದಿ ನನ್ನ ಮೊದಲ ವರ್ಷದ ತಪ್ಪು ನೆನಪಾಯಿತು. ನಾನೂ ಹೀಗೆಯೇ ಪೈಪನ್ನು ಎತ್ತಿ ಅಲುಗಾಡಿಸಿದ್ದೆ. ಆ ಪ್ರಾಣಿ ಎರಡು ದಿನಕ್ಕೆ ಸತ್ತುಹೋಯಿತು, ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಅದು ಸತ್ತಿರಲಿಲ್ಲ, ಪೊರೆ ಕಳಚುತ್ತಿತ್ತು. ಗಟ್ಟಿ ಚಿಪ್ಪು ಬೆಳೆಯುವುದಿಲ್ಲವಾದ್ದರಿಂದ ಒಳಗಿನ ಮೈ ಬೆಳೆದಂತೆಲ್ಲ ಹಳೆಯ ಚಿಪ್ಪನ್ನು ಬಿಟ್ಟು ಹೊಸದನ್ನು ಪಡೆಯಬೇಕು. ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ, ಮರಿಯಾಗಿದ್ದಾಗ ಇನ್ನೂ ಬೇಗ ಬೇಗ ಇದು ನಡೆಯುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅದಕ್ಕೆ ಗುದ್ದುವ ಶಕ್ತಿಯೂ ಇರುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳುವ ಬೇರೆ ದಾರಿಯೂ ಇರುವುದಿಲ್ಲ. ಬಾಗಿಲು ಮುಚ್ಚಿಕೊಳ್ಳುವುದು ಅದಕ್ಕಾಗಿಯೇ. ಆ ದಿನಗಳಲ್ಲಿ ಆಹಾರ ಹಾಕಬೇಡಿ, ಕಲ್ಲು ಸರಿಸಬೇಡಿ. ನೀರಿನ ಅಮೋನಿಯವನ್ನು ಮಾತ್ರ ದಿನವೂ ಪರೀಕ್ಷಿಸುತ್ತಿರಿ. ಒಳಗೆ ಪ್ರಾಣಿ ನಿಜವಾಗಿ ಸತ್ತಿದ್ದರೆ ಅದು ಏರಿಯೇ ತೀರುತ್ತದೆ, ವಾಸನೆಯೂ ಬರುತ್ತದೆ. ಕೆಲವು ಸಲ ಬಿಲದ ಹೊರಗೆ ಕಣ್ಣು, ಕಾಲು, ಬಾಲ ಎಲ್ಲವೂ ಇರುವ ಪೂರ್ತಿ ಪೊರೆ ಬಿದ್ದಿರುತ್ತದೆ. ಹೆಣವೆಂದು ಗಾಬರಿಯಾಗದೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಒಳಗೆ ಟೊಳ್ಳಾಗಿ ಪಾರದರ್ಶಕವಾಗಿರುತ್ತದೆ.

ನಿಮ್ಮ ಪ್ರಾಣಿ ಈಗಲೂ ಉಸಿರಾಡುತ್ತಿದ್ದರೆ, ಎಂದರೆ ಹೊಟ್ಟೆಯ ಕೆಳಗಿನ ಪುಟ್ಟ ಕಾಲುಗಳು ಬೀಸುತ್ತಿದ್ದರೆ, ಅದನ್ನು ಪೈಪಿನೊಳಕ್ಕೆ ಸೇರಿಸಿ ದೀಪ ಆರಿಸಿಬಿಡಿ. ಕಳಚಿದ ಮುಂಗಾಲು ಮುಂದಿನ ಪೊರೆಗಳಲ್ಲಿ ಮೊದಲು ಚಿಕ್ಕದಾಗಿ, ಆಮೇಲೆ ದೊಡ್ಡದಾಗಿ ಮತ್ತೆ ಬೆಳೆಯುತ್ತದೆ. ಅಲ್ಲಿಯವರೆಗೆ ಸಿಪ್ಪೆ ಬಿಡಿಸಿದ ಮೆತ್ತನೆಯ ಆಹಾರವನ್ನೇ ಕೊಡಿ.

ಪ್ರಶ್ನೆ: ನಮ್ಮಲ್ಲಿ ಆಷಾಢದ ಗಾಳಿಮಳೆಗೆ ಮರ ಬಿದ್ದು ಒಂದೆರಡು ದಿನ ಕರೆಂಟು ಇರುವುದಿಲ್ಲ. ಯುಪಿಎಸ್ ಸಾಕಾಗುತ್ತದೆಯೇ?
ಓದುಗರು, ಕೊಪ್ಪ

ಉತ್ತರ: ಲೆಕ್ಕ ಹಾಕಿ ನೋಡೋಣ. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಹೆಚ್ಚೆಂದರೆ 1800 ವಾಟ್ ಅವರ್ ಶಕ್ತಿ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 100 ವಾಟಿನ ಹೀಟರ್ ಹತ್ತು ಗಂಟೆ ಉರಿದರೆ 1000 ಹೋಯಿತು. 10 ವಾಟಿನ ಪಂಪು ಇಡೀ ದಿನ ನಡೆದರೂ ಬೇಕಾದದ್ದು 240 ಮಾತ್ರ. ಆದ್ದರಿಂದ ಕರೆಂಟು ಹೋದಾಗ ಪಂಪನ್ನು ಮಾತ್ರ ಯುಪಿಎಸ್‌ಗೆ ಕೊಟ್ಟು, ತೊಟ್ಟಿಯ ನಾಲ್ಕೂ ಮಗ್ಗುಲಿಗೆ ಕಂಬಳಿ ಸುತ್ತಿ, ಗಾಳಿಯಾಡಲು ಮೇಲ್ಭಾಗವನ್ನು ತೆರೆದಿಡಿ. ನೀರು 25ರಿಂದ 26 ಡಿಗ್ರಿಯಲ್ಲಿ ಇರಬೇಕು. ನಿಧಾನವಾಗಿ ಎರಡು ಮೂರು ಡಿಗ್ರಿ ಇಳಿದರೆ ತಾಳಿಕೊಳ್ಳುತ್ತದೆ, ಆದರೆ ಆಮ್ಲಜನಕ ಕಡಿಮೆಯಾದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಸೆಲ್ ಹಾಕುವ ಗಾಳಿಪಂಪು ಒಂದು ಮನೆಯಲ್ಲಿರಲಿ. ಗಾಜಿನ ಹೀಟರನ್ನು ಪ್ರಾಣಿಗೆ ತಾಗದಂತೆ ಪಕ್ಕದ ಫಿಲ್ಟರ್ ತೊಟ್ಟಿಯಲ್ಲಿ ಇರಿಸಿ. ಯುಪಿಎಸ್ ಇಲ್ಲದ ಮನೆಯಾದರೆ ಈ ಪ್ರಾಣಿಯನ್ನು ತರಬೇಡಿ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ಮ್ಯಾಂಟಿಸ್ ಸಿಗಡಿಗೆ ನಮಗಿಂತ ಹೆಚ್ಚು ಬಣ್ಣಗಳು ಕಾಣುತ್ತವಂತೆ. ಹಾಗಾದರೆ ತೊಟ್ಟಿಗೆ ಬಣ್ಣಬಣ್ಣದ ಪ್ರಖರ ದೀಪ ಹಾಕಬೇಕೇ?
ಹೈಸ್ಕೂಲು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಒಳ್ಳೆಯ ಪ್ರಶ್ನೆ, ಮಗು. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕ ಕೋಶಗಳಿದ್ದರೆ ಇದರ ಕಣ್ಣಿನಲ್ಲಿ ಹನ್ನೆರಡು ಬಗೆಯವು ಇವೆ. ಆದರೆ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹತ್ತಿರ ಹತ್ತಿರದ ಎರಡು ಬಣ್ಣಗಳನ್ನು ಬೇರೆ ಮಾಡುವುದರಲ್ಲಿ ಅದು ನಮಗಿಂತ ಹಿಂದೆ ಎಂದು ಕಂಡುಬಂತು. ಬಣ್ಣವನ್ನು ಹೋಲಿಸಿ ಯೋಚಿಸದೆ ಕಂಡ ಕೂಡಲೇ ಗುರುತಿಸಿಬಿಡುವ ಏರ್ಪಾಡು ಅದರದ್ದಾಗಿರಬಹುದು ಎಂಬುದು ಆ ವಿಜ್ಞಾನಿಗಳ ವಿವರಣೆ. ನಮಗೆ ಕಾಣದ ಧ್ರುವೀಕೃತ ಬೆಳಕನ್ನೂ ಅದು ಕಾಣಬಲ್ಲದು. ಎರಡು ಕಣ್ಣುಗಳೂ ಪ್ರತ್ಯೇಕವಾಗಿ ತಿರುಗುತ್ತವೆ. ನೀನು ತೊಟ್ಟಿಯ ಮುಂದೆ ಎಡಕ್ಕೆ ಸರಿದರೆ ಒಂದು ಕಣ್ಣು ನಿನ್ನ ಹಿಂದೆಯೇ ಬರುತ್ತದೆ, ಇನ್ನೊಂದು ಆಹಾರದ ಮೇಲೆಯೇ ಇರುತ್ತದೆ. ಪ್ರಖರ ದೀಪ ಮಾತ್ರ ಬೇಡ. ಅಂಥ ಬೆಳಕಿನಲ್ಲಿ ಅದು ಬಿಲ ಬಿಟ್ಟು ಬರುವುದೇ ಅಪರೂಪ, ಪೀಕಾಕ್ ಜಾತಿಯಲ್ಲಿ ಚಿಪ್ಪಿನ ರೋಗಕ್ಕೂ ಅತಿಯಾದ ಬೆಳಕಿಗೂ ಸಂಬಂಧವಿದೆ ಎಂಬುದು ಸಾಕುವವರ ಅನುಭವ. ಮಂದವಾದ ಒಂದು ದೀಪ ಸಾಕು.

ಪ್ರಶ್ನೆ: ಮಲ್ಪೆಯಲ್ಲಿರುವ ನಮ್ಮ ಭಾವನವರು ಟ್ರಾಲರ್ ಬಲೆಗೆ ಬಿದ್ದ ಮ್ಯಾಂಟಿಸ್ ಸಿಗಡಿಯನ್ನು ಜೀವಂತವಾಗಿ ಕಳಿಸಿದ್ದರು. ಎರಡೇ ದಿನಕ್ಕೆ ಸತ್ತಿತು. ನನ್ನಿಂದ ಏನು ತಪ್ಪಾಯಿತು?
ಓದುಗರು, ಚಿಕ್ಕಮಗಳೂರು

ಉತ್ತರ: ತಪ್ಪು ನಿಮ್ಮದಲ್ಲ. ನಮ್ಮ ಕರಾವಳಿಯ ಟ್ರಾಲರ್‌ಗಳಿಗೆ ರಾಶಿ ರಾಶಿಯಾಗಿ ಬೀಳುವುದು ಹೆಚ್ಚಾಗಿ ಒರಾಟೊಸ್ಕ್ವಿಲ್ಲಾ ನೇಪಾ ಎಂಬ, ಕೆಸರಿನ ತಳದಲ್ಲಿ ಬಿಲ ತೋಡುವ, ಇರಿಯುವ ಬಗೆಯ ಜಾತಿ. ಊಟಕ್ಕೆ ಬೆಲೆಯಿಲ್ಲದ್ದರಿಂದ ಬಹುಪಾಲು ಮೀನುಹುಡಿಗೂ ಗೊಬ್ಬರಕ್ಕೂ ಹೋಗುತ್ತದೆ. ಗಂಟೆಗಟ್ಟಲೆ ಬಲೆಯಲ್ಲಿ ಟನ್ನುಗಟ್ಟಲೆ ಮೀನಿನಡಿ ಸಿಕ್ಕಿ, ಡೆಕ್ಕಿನ ಬಿಸಿಲು ಕಂಡು, ಬಕೆಟ್ಟಿನಲ್ಲಿ ಘಾಟಿ ಹತ್ತಿ ಬಂದ ಪ್ರಾಣಿ ಬದುಕಿ ಉಳಿಯುವುದು ಕಷ್ಟ. ಮತ್ತೆ ತರಿಸಬೇಡಿ.

ಪ್ರಶ್ನೆ: ನನಗೆ ಹಾಸನದಿಂದ ಕಲಬುರಗಿಗೆ ವರ್ಗವಾಗಿದೆ. ಮೂರು ವರ್ಷದಿಂದ ಸಾಕಿದ ಮ್ಯಾಂಟಿಸ್ ಸಿಗಡಿಯನ್ನು ಕೊಂಡೊಯ್ಯುವುದು ಹೇಗೆ?
ಬ್ಯಾಂಕ್ ನೌಕರರು, ಹಾಸನ

ಉತ್ತರ: ಈಚೆಗೆ ಪೊರೆ ಕಳಚಿದ್ದರೆ ಎರಡು ವಾರ ತಡೆಯಿರಿ. ಹೊರಡುವುದಕ್ಕೆ ಎರಡು ದಿನ ಮೊದಲೇ ಆಹಾರ ನಿಲ್ಲಿಸಿ. ಪ್ರಾಣಿಯನ್ನು ಬಿಲದಿಂದ ಹೊರಗೆ ಎಳೆಯದೆ, ಅದು ಒಳಗಿರುವಾಗಲೇ ಪೈಪಿನ ಎರಡೂ ಬಾಯಿಗೆ ಪ್ಲಾಸ್ಟಿಕ್ ಜಾಲರಿ ಕಟ್ಟಿ, ಪೈಪು ಸಮೇತ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರಿಸಿ. ತೆಳುವಾದ ಚೀಲವಾದರೆ ಹರಿದುಹೋಗುತ್ತದೆ. ಡಬ್ಬಿಯಲ್ಲಿ ತೊಟ್ಟಿಯದೇ ನೀರು ಅರ್ಧದಷ್ಟಿರಲಿ, ಸೆಲ್ಲಿನ ಗಾಳಿಪಂಪು ನಡೆಯುತ್ತಿರಲಿ, ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಡಿ. ಫಿಲ್ಟರಿನ ಸ್ಪಂಜು ಮತ್ತು ಕಲ್ಲುಗಳು ಒಣಗದಂತೆ ಅದೇ ನೀರಿನಲ್ಲಿ ಮುಳುಗಿಸಿ ಜೊತೆಗೇ ಒಯ್ಯಿರಿ. ಕಲಬುರಗಿಯ ಬಿಸಿಲಿಗೆ ಹಗಲು ಪ್ರಯಾಣ ಬೇಡ, ಸಂಜೆ ಹೊರಟು ಬೆಳಗ್ಗೆ ತಲುಪಿ. ಅಲ್ಲಿ ನಿಮಗೆ ಬೇಕಾಗುವುದು ಹೀಟರ್ ಅಲ್ಲ, ನೀರನ್ನು ತಂಪಾಗಿಸುವ ಚಿಲ್ಲರ್. ಅದನ್ನು ಮನೆ ನೋಡಲು ಹೋದಾಗಲೇ ಕೂರಿಸಿ ಬನ್ನಿ.